ಸಂಗೊಳ್ಳಿ ರಾಯಣ್ಣನ ದಿನಗಳನ್ನು ನೋಡಿಯೇ ಆಗಸ್ಟ್ 15, ಜನವರಿ 26 ಇಟ್ಟರಾ?

ಇಲ್ಲ, ಅದು ಬರೀ ಕಾಕತಾಳೀಯ. ರಾಯಣ್ಣನ ಜಯಂತಿ ಆಗಸ್ಟ್ 15ಕ್ಕೆ. ಬ್ರಿಟಿಷರು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ನಮ್ಮ ಬೆಳಗಾವಿ ಕಡೆ ಎರಡೂ ದಿನ ಧ್ವಜದ ಜೊತೆ ರಾಯಣ್ಣನ ಫೋಟೋಕ್ಕೂ ಹಾರ ಬೀಳುತ್ತದೆ. ಹಾಗಾಗಿ ಈ ಅನುಮಾನ ಬರೋದು ಸಹಜ ಅಲ್ವಾ? ಆದರೆ ದೇಶದ ಆ ಎರಡು ದಿನಗಳಿಗೆ ಕಾರಣ ಬೇರೆ.

ಜನವರಿ 26ರ ಕಥೆ ಜಾಸ್ತಿ ಸ್ವಾರಸ್ಯದ್ದು. 1929ರ ಡಿಸೆಂಬರ್‌ನಲ್ಲಿ ಲಾಹೋರ್ ಅಧಿವೇಶನದಲ್ಲಿ ಕಾಂಗ್ರೆಸ್ 'ಪೂರ್ಣ ಸ್ವರಾಜ್ಯ' ಬೇಕು ಎಂದು ಘೋಷಿಸಿತು. ಅಂದರೆ ಬ್ರಿಟಿಷರ ಹಂಗೇ ಇಲ್ಲದ ಸ್ವಾತಂತ್ರ್ಯ. ಊರೂರಲ್ಲಿ ಜನ ಸೇರಿ ಪ್ರತಿಜ್ಞೆ ಮಾಡಲು ಒಂದು ದಿನ ಬೇಕಿತ್ತು. ಜನವರಿಯ ಕೊನೆಯ ರವಿವಾರ ಎಂದು ಗೊತ್ತು ಮಾಡಿದರು. 1930ರಲ್ಲಿ ಆ ರವಿವಾರ 26ನೇ ತಾರೀಖಿಗೆ ಬಿತ್ತು, ಅಷ್ಟೇ! ಮುಂದೆ ಸಂವಿಧಾನ 1949ರ ನವೆಂಬರ್ 26ಕ್ಕೇ ಅಂಗೀಕಾರವಾಯಿತು. ಆದರೂ ಆ ಪ್ರತಿಜ್ಞೆಯ ದಿನವನ್ನು ಬಿಡಬಾರದೆಂದು ಎರಡು ತಿಂಗಳು ಕಾದು, 1950ರ ಜನವರಿ 26ರಂದು ಜಾರಿಗೆ ತಂದರು.

ಆಗಸ್ಟ್ 15 ಕೊನೆಯ ವೈಸರಾಯ್ ಮೌಂಟ್‌ಬ್ಯಾಟನ್ ಆರಿಸಿದ ದಿನ. ಎರಡನೇ ಮಹಾಯುದ್ಧದಲ್ಲಿ ಆತ ಆಗ್ನೇಯ ಏಷ್ಯಾದ ಮಿತ್ರಪಡೆಗಳ ಮುಖ್ಯಸ್ಥನಾಗಿದ್ದ. ಜಪಾನ್ ಶರಣಾಗುತ್ತೇನೆಂದು ಸಾರಿದ್ದು 1945ರ ಆಗಸ್ಟ್ 15ರಂದು. ಅದರ ಎರಡನೇ ವರ್ಷದ ದಿನವನ್ನೇ ಹಿಡಿದ.