ಕಳೆದ ವರ್ಷದ ಸರ್ಫ್‌ಬೋರ್ಡ್ ರಿಯಾಯಿತಿಯಲ್ಲಿ ಸಿಗುತ್ತಿದೆ. ಅದನ್ನು ಕೊಳ್ಳಲೇ, ಹೊಸ ಮಾಡೆಲ್ ಕೊಳ್ಳಲೇ?

ಮುಲ್ಕಿಯಲ್ಲಿ ಎರಡು ಸೀಸನ್ ಕಲಿತಿದ್ದೀರಿ, ತೂಕ 72 ಕೆ.ಜಿ., ನೋಡಿದ್ದು 6 ಅಡಿ ಉದ್ದದ, 31 ಲೀಟರ್ ಗಾತ್ರದ ಬೋರ್ಡು. ಕಳೆದ ವರ್ಷದ್ದು 34,000 ರೂಪಾಯಿ, ಈ ವರ್ಷದ್ದು 50,000. ಇದೇ ಲೆಕ್ಕ ಹಾಕಿ ಹಳೆಯದನ್ನು ಮನೆಗೆ ತಂದವನು ನಾನು. ಹಳೆಯ ಮಾಡೆಲ್ ಎಂಬ ಕಾರಣಕ್ಕೆ ಒಂದು ದಿನವೂ ತೊಂದರೆ ಆಗಲಿಲ್ಲ. ಬೋರ್ಡು ಹಾಳಾದದ್ದು, ಅದರ ಒಳಗೆ ಎಂತ ಉಂಟು ಎಂದು ಕೇಳದೆ ತಂದದ್ದರಿಂದ.

ಒಳಗಿನ ಫೋಮ್ ನೋಡಿದರೆ ಬೋರ್ಡುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಪಾಲಿಯುರಿಥೇನ್, ಎಲ್ಲರೂ ಪಿಯು ಎನ್ನುವುದು ಇದನ್ನೇ. ಅದರ ಮೇಲೆ ಸಾಮಾನ್ಯವಾಗಿ ಪಾಲಿಯೆಸ್ಟರ್ ರೆಸಿನ್, ಅಂದರೆ ಫೈಬರ್ ಬಟ್ಟೆಗೆ ಹೊಯ್ದು ಗಟ್ಟಿಯಾಗಿಸುವ ಅಂಟುದ್ರವ, ಇರುತ್ತದೆ. ಇನ್ನೊಂದು ಇಪಿಎಸ್, ಅಂದರೆ ಟಿವಿ ಪೆಟ್ಟಿಗೆಯಲ್ಲಿ ಬರುವ ಥರ್ಮೋಕೋಲಿನದೇ ಗಟ್ಟಿ ರೂಪ. ಅದರ ಮೇಲೆ ಎಪಾಕ್ಸಿ ರೆಸಿನ್. ಬಣ್ಣ ಬಳಿದ ಮೇಲೆ ಹೊರಗಿನಿಂದ ಎರಡೂ ಒಂದೇ ಥರ. ನನ್ನದು ಇಪಿಎಸ್ ಆಗಿತ್ತು. ನಾನು ಪಿಯು ಅಂದುಕೊಂಡಿದ್ದೆ.

ಮುಲ್ಕಿ ಹತ್ತಿರದ ಸಸಿಹಿತ್ಲು ಬೀಚಿನಲ್ಲಿ ಇನ್ನೊಬ್ಬರ ಬೋರ್ಡಿನ ಅಡಿಯ ರೆಕ್ಕೆ, ಅಂದರೆ ಫಿನ್, ತಾಗಿ ನನ್ನ ಬೋರ್ಡಿನ ಅಂಚಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಡಿಂಗ್, ಅಂದರೆ ಒಡಕು, ಆಯಿತು. ನಮ್ಮ ಕರಾವಳಿಯಲ್ಲಿ ಫೈಬರ್ ದೋಣಿ ರಿಪೇರಿಯ ಸಾಮಾನು ಸಿಗುವುದು ಕಷ್ಟವಲ್ಲ. ಮೀನುಗಾರಿಕೆಯ ದಕ್ಕೆಯ ಹತ್ತಿರ ರೆಸಿನ್, ಫೈಬರ್ ಎಳೆಗಳ ಮ್ಯಾಟ್, ರೆಸಿನ್ ಗಟ್ಟಿಮಾಡುವ ಹಾರ್ಡನರ್ ತೆಗೆದುಕೊಂಡೆ, ದೋಣಿಗೆ ಮಾಡುವ ಹಾಗೆಯೇ ಕಲಸಿ ಹೊಯ್ದೆ. ರೆಸಿನ್ ತೂತಿನಲ್ಲಿ ನಿಲ್ಲಲಿಲ್ಲ, ಇಳಿಯುತ್ತಲೇ ಹೋಯಿತು. ಇನ್ನಷ್ಟು ಹೊಯ್ದೆ. ಗಟ್ಟಿಯಾದ ಮೇಲೆ ಸುತ್ತ ಬಡಿದು ನೋಡಿದರೆ ಟೊಳ್ಳು ಸದ್ದು. ಕೊಯ್ದು ತೆರೆದಾಗ ಒಳಗೆ ತೆಂಗಿನ ಗೆರಟೆಯಷ್ಟು ದೊಡ್ಡ ಪೊಳ್ಳು.

ಕಾರಣ ಬಿಡಿಸಿ ಹೇಳುತ್ತೇನೆ, ಏಕೆಂದರೆ ದೋಣಿ ಕೆಲಸ ಗೊತ್ತಿರುವವರೂ ಇದರಲ್ಲಿ ಎಡವುತ್ತಾರೆ. ದೋಣಿಗೆ ಹಾಕುವುದು ಪಾಲಿಯೆಸ್ಟರ್ ರೆಸಿನ್. ಅದು ತೆಳ್ಳಗಿರಲೆಂದು ಅದರಲ್ಲಿ ಸ್ಟೈರೀನ್ ಎಂಬ ದ್ರವ ಸೇರಿಸಿರುತ್ತಾರೆ. ರೆಸಿನ್ನಿನ ಘಾಟು ಅದರದ್ದೇ. ಇಪಿಎಸ್ ಎಂದರೆ ಅದೇ ಸ್ಟೈರೀನಿನಿಂದ ಮಾಡಿದ ಪಾಲಿಸ್ಟೈರೀನ್. ಆದ್ದರಿಂದ ಸ್ಟೈರೀನ್ ತಾಗಿದಲ್ಲಿ ಇಪಿಎಸ್, ನೀರಲ್ಲಿ ಸಕ್ಕರೆ ಕರಗಿದಂತೆ ಕರಗುತ್ತದೆ. ಸಾಲದ್ದಕ್ಕೆ ರೆಸಿನ್ ಗಟ್ಟಿಯಾಗುವಾಗ ಬಿಸಿಯೇರುತ್ತದೆ, ಸುತ್ತಲಿನ ಫೋಮ್ ಆ ಬಿಸಿಗೂ ಕುಗ್ಗುತ್ತದೆ. ಪಿಯು ಹೀಗೆ ಕರಗುವುದಿಲ್ಲ. ಅದಕ್ಕೆ ಪಾಲಿಯೆಸ್ಟರ್ ಆದೀತು, ಎಪಾಕ್ಸಿಯೂ ಆದೀತು. ಇಪಿಎಸ್‌ಗೆ ಎಪಾಕ್ಸಿ ಮಾತ್ರ. ಯಾವ ಫೋಮ್ ಎಂದು ಗೊತ್ತಾಗದಿದ್ದರೆ ಎಪಾಕ್ಸಿಯನ್ನೇ ಬಳಸಿ, ಎರಡಕ್ಕೂ ನಡೆಯುತ್ತದೆ.

ಒಡೆದ ಬೋರ್ಡಿನಲ್ಲಿ ಗುರುತಿಸುವುದು ಸುಲಭ. ಇಪಿಎಸ್‌ನಲ್ಲಿ ಸಾಬಕ್ಕಿಯಂಥ ಮಣಿಗಳು ಕಾಣುತ್ತವೆ, ಪಿಯು ನುಣ್ಣಗೆ ಪುಡಿಯಾಗುತ್ತದೆ. ಚೂರು ಫೋಮ್ ಕಿತ್ತು ಅದರ ಮೇಲೆ ಒಂದು ಹನಿ ಅಸಿಟೋನ್ ಬಿಟ್ಟರೂ ಸಾಕು, ಕರಗಿದರೆ ಇಪಿಎಸ್. ಹೊಸ ಬೋರ್ಡಾದರೆ ಅಂಗಡಿಯವರನ್ನೇ ಕೇಳಬೇಕು. "ಎಪಾಕ್ಸಿ ಬೋರ್ಡು" ಎಂದರೆ ಒಳಗೆ ಬಹುಮಟ್ಟಿಗೆ ಇಪಿಎಸ್ ಇರುತ್ತದೆ, ಆದರೂ ಫೋಮಿನ ಹೆಸರನ್ನು ಬಾಯಿಬಿಟ್ಟು ಕೇಳಿ.

ಸರಿಯಾದ ರಿಪೇರಿ ಹೀಗೆ. ಸಿಹಿನೀರಲ್ಲಿ ತೊಳೆದು, ಡಿಂಗ್ ಕೆಳಮುಖವಾಗಿರುವಂತೆ ನೆರಳಲ್ಲಿ ಮೂರು ನಾಲ್ಕು ದಿನ ಇಡಿ. ಇಪಿಎಸ್ ಮಣಿಗಳ ಸಂದಿಯಲ್ಲಿ ನೀರು ನಿಲ್ಲುತ್ತದೆ, ಮಳೆಗಾಲದಲ್ಲಂತೂ ಫ್ಯಾನ್ ಬೇಕೇ ಬೇಕು. ತೂತಿನ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ರಾತ್ರಿ ಬಿಡಿ. ಬೆಳಿಗ್ಗೆ ಒಳಬದಿಯಲ್ಲಿ ಬೆವರಿದ್ದರೆ ಇನ್ನೂ ಒಣಗಿಲ್ಲ. ಸಡಿಲ ಫೈಬರ್ ಕತ್ತರಿಸಿ, ಸುತ್ತ ಎರಡು ಮೂರು ಸೆಂಟಿಮೀಟರ್ 80 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ. ಎಪಾಕ್ಸಿಗೆ ಮೈಕ್ರೋಬಲೂನ್ ಎಂಬ ಹಗುರ ತುಂಬುಪುಡಿ ಸೇರಿಸಿ ಬೆಣ್ಣೆಯ ಹದಕ್ಕೆ ತಂದು ತುಂಬಿ. ಆರಿದ ಮೇಲೆ ಮಟ್ಟ ಮಾಡಿ, 4 ಔನ್ಸಿನ ನೇಯ್ದ ಫೈಬರ್ ಬಟ್ಟೆ ಎರಡು ಪದರ ಹಾಕಿ, ಎರಡನೆಯದು ಸ್ವಲ್ಪ ದೊಡ್ಡದಿರಲಿ. ದೋಣಿಯ ಮ್ಯಾಟ್ ಬೇಡ. ಅದರ ಎಳೆಗಳನ್ನು ಹಿಡಿದಿಡುವ ಅಂಟು ಸ್ಟೈರೀನಿಗೆ ಕರಗುವಂಥದ್ದು, ಎಪಾಕ್ಸಿಗೆ ಸರಿಯಾಗಿ ಬಿಡುವುದಿಲ್ಲ.

ಹಾರ್ಡನರ್ ವಿಷಯದಲ್ಲಿ ಕೈಲೆಕ್ಕ ಸಲ್ಲದು. ಪಾಲಿಯೆಸ್ಟರಿನಲ್ಲಿ ಹಾರ್ಡನರ್ ತುಸು ಹೆಚ್ಚಾದರೆ ಬೇಗ ಗಟ್ಟಿಯಾಗುತ್ತದೆ ಅಷ್ಟೆ. ಎಪಾಕ್ಸಿಯಲ್ಲಿ ಡಬ್ಬದ ಮೇಲಿನ ಅಳತೆ ತಪ್ಪಿದರೆ ಅದು ಅಂಟಂಟಾಗಿಯೇ ಉಳಿಯುತ್ತದೆ. ಕೆಲಸ ಸಂಜೆ ಮಾಡಿ. ಬೆಳಿಗ್ಗೆ ಬಿಸಿಲೇರುವಾಗ ಫೋಮಿನೊಳಗಿನ ಗಾಳಿ ಹಿಗ್ಗಿ ಹಸಿ ರೆಸಿನ್ನಿನಲ್ಲಿ ಗುಳ್ಳೆ ಎಬ್ಬಿಸುತ್ತದೆ. ನಮ್ಮ ಊರಿನ ತೇವಕ್ಕೆ ಆರಿದ ಎಪಾಕ್ಸಿಯ ಮೇಲೆ ಮೇಣದಂಥ ಪೊರೆ ಬರುವುದುಂಟು. ಅದನ್ನು ನೀರಲ್ಲಿ ತೊಳೆದು ಉಜ್ಜದೆ ಮುಂದಿನ ಪದರ ಹಾಕಿದರೆ ಸಿಪ್ಪೆಯಂತೆ ಏಳುತ್ತದೆ. ಕೈಗವಸು ಮರೆಯಬೇಡಿ, ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಶುರುವಾಗಬಹುದು.

ಇನ್ನು ನಿಮ್ಮ ಪ್ರಶ್ನೆ. ನನ್ನ ಪ್ರಕಾರ ಎರಡೂ ಬೇಡ. 72 ಕೆ.ಜಿ.ಗೆ 31 ಲೀಟರ್ ಎಂದರೆ ಕೆ.ಜಿ.ಗೆ 0.43 ಲೀಟರ್. ವರ್ಷಗಟ್ಟಲೆ ವಾರಕ್ಕೆ ಹಲವು ದಿನ ಸರ್ಫ್ ಮಾಡಿದವರ ಅಳತೆ ಅದು. ಎರಡು ಸೀಸನ್ ಕಲಿತವರಿಗೆ ಕೆ.ಜಿ.ಗೆ 0.7ರಿಂದ 0.8, ಅಂದರೆ 50ರಿಂದ 58 ಲೀಟರ್ ಬೇಕು. ಉದ್ದ 7 ಅಡಿಯಿಂದ 7 ಅಡಿ 6 ಇಂಚು. ಕಡಿಮೆ ಲೀಟರಿನ ಬೋರ್ಡು ನಿಮ್ಮ ಭಾರಕ್ಕೆ ತಗ್ಗಿ ಕೂರುತ್ತದೆ, ಎಷ್ಟು ಕೈ ಬೀಸಿದರೂ ಅಲೆಯ ವೇಗ ಸಿಗುವುದಿಲ್ಲ, ಅಲೆ ಮುರಿಯುವ ಹೊತ್ತಿಗೆ ನೀವಿನ್ನೂ ಎದ್ದಿರುವುದಿಲ್ಲ. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದದ್ದು ಮೇ ಕೊನೆಗೆ, ಮಳೆಗಾಲದ ಮುಂಚಿನ ಅಲೆಯಲ್ಲಿ. ಅಲ್ಲಿ ಸ್ಪರ್ಧಿಗಳ ಕಂಕುಳಲ್ಲಿ ಕಂಡ ಬೋರ್ಡಿಗೂ ಜನವರಿಯ ಸೊಂಟದೆತ್ತರದ ಮೆತ್ತನೆ ಅಲೆಗೂ ಹೊಂದಾಣಿಕೆ ಇಲ್ಲ ಮಾರಾಯ್ರೇ.

ಆ ಅಳತೆಯಲ್ಲಿ ಕಳೆದ ವರ್ಷದ್ದೇ ಹುಡುಕಿ. ಒಂದೇ ಹೆಸರಿನ ಬೋರ್ಡಿನಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚಾಗಿ ಬದಲಾಗುವುದು ಬಣ್ಣ, ಚಿತ್ರ. ಮೂತಿಯ ಬಾಗು ಕೆಲವು ಮಿಲಿಮೀಟರ್ ಬದಲಾದರೂ ನಿಮ್ಮ ಹಂತದಲ್ಲಿ ತಿಳಿಯದು. ಬಿಸಿಲು ಬೀಳದ ಕೋಣೆಯಲ್ಲಿಟ್ಟ ಬೋರ್ಡು ಒಂದು ವರ್ಷದಲ್ಲಿ ಹಳತಾಗುವುದಿಲ್ಲ. ಗಾಜಿನ ಶೋಕೇಸಿನಲ್ಲಿ ಬಿಸಿಲಿಗೆ ನಿಂತಿದ್ದರೆ ಮಾತು ಬೇರೆ. ಹೆಬ್ಬೆರಳಿಂದ ಮೇಲ್ಮೈ ಉದ್ದಕ್ಕೂ ಒತ್ತಿ ನೋಡಿ, ಎಲ್ಲಾದರೂ ಮೆತ್ತಗೆ ಕುಸಿದರೆ ಮೇಲಿನ ಫೈಬರ್ ಪದರ ಫೋಮನ್ನು ಬಿಟ್ಟಿದೆ. ನಾಣ್ಯದಿಂದ ತಟ್ಟಿ ಸದ್ದು ಕೇಳಿ. ಬಾಲದ ಕಡೆಯಿಂದ ಒಂದೇ ಕಣ್ಣಿನಲ್ಲಿ ನೋಡಿ ತಿರುಚಿದೆಯೇ ಗಮನಿಸಿ.

ಫಿನ್ ಬಾಕ್ಸನ್ನೂ, ಅಂದರೆ ಫಿನ್ ಕೂರುವ ಜಾಗವನ್ನೂ, ನೋಡಿಕೊಳ್ಳಿ. ಎಫ್‌ಸಿಎಸ್ ಎಂಬ ಫಿನ್ ಕಂಪನಿಯ ಹಳೆಯ ಎರಡು ಗುಂಡಿಯ ಪದ್ಧತಿ ಆಗಿದ್ದರೆ ಎಫ್‌ಸಿಎಸ್ 2 ಫಿನ್ ಅದಕ್ಕೆ ಕೂರುವುದಿಲ್ಲ. ಹಳೆಯ ಫಿನ್ ಹೊಸ ಬಾಕ್ಸಿಗೆ ಮಾತ್ರ ತುಂಬುಪಟ್ಟಿ ಹಾಕಿ ಕೂರಿಸಬಹುದು. ಫ್ಯೂಚರ್ಸ್ ಎಂಬ ಇನ್ನೊಂದು ಕಂಪನಿಯ ಪದ್ಧತಿಯೇ ಬೇರೆ. ಫಿನ್ ಬಿಗಿಸುವ ಅಲೆನ್ ಕೀ ಒಂದು ಹೆಚ್ಚು ಇಟ್ಟುಕೊಳ್ಳಿ, ಹೊಯಿಗೆಯಲ್ಲಿ ಬಿದ್ದರೆ ಸಿಗುವುದಿಲ್ಲ.

ಪಿಯು ಮತ್ತು ಇಪಿಎಸ್ ಎರಡೂ ಸಿಕ್ಕಿದರೆ ಈ ಊರಿಗೆ ಪಿಯು ತೆಗೆದುಕೊಳ್ಳಿ ಎನ್ನುತ್ತೇನೆ. ಇಪಿಎಸ್ ಹಗುರ ನಿಜ, ಆದರೆ ಮುಚ್ಚಿದ ಕಾರಿನ ಬಿಸಿಗೆ ಗುಳ್ಳೆ ಏಳುತ್ತದೆ, ಸಣ್ಣ ಬಿರುಕಿನಲ್ಲೂ ನೀರು ಹೀರುತ್ತದೆ. ಉಳಿದ ಹಣದಲ್ಲಿ ಬೋರ್ಡನ್ನು ಕಾಲಿಗೆ ಕಟ್ಟುವ, ಬೋರ್ಡಿನಷ್ಟೇ ಉದ್ದದ ಹಗ್ಗ, ಅಂದರೆ ಲೀಶ್, ಬೆಳ್ಳಿಬಣ್ಣದ ಹೊದಿಕೆಯ ಬ್ಯಾಗ್, ಕಾಲು ಜಾರದಂತೆ ಬೋರ್ಡಿಗೆ ಹಚ್ಚುವ ಉಷ್ಣವಲಯದ ನೀರಿನ ವ್ಯಾಕ್ಸ್ ತನ್ನಿ. ನಮ್ಮ ಸಮುದ್ರದ ಬಿಸಿಗೆ ಚಳಿನೀರಿನ ವ್ಯಾಕ್ಸ್ ಕರಗಿ ಜಾರುತ್ತದೆ. ಅರ್ಧ ಕೆ.ಜಿ. ಎಪಾಕ್ಸಿ, ಅದರದ್ದೇ ಹಾರ್ಡನರ್, ಒಂದು ಮೀಟರ್ ಫೈಬರ್ ಬಟ್ಟೆಯನ್ನು ಮೊದಲ ಡಿಂಗ್ ಆಗುವ ಮೊದಲೇ ತಂದಿಡಿ. ಬೋರ್ಡು ಒಡೆದ ದಿನ ಕೈಗೆ ಮೊದಲು ಸಿಗುವುದು ದೋಣಿಯ ರೆಸಿನ್.