ಗ್ರಾಫ್ ಮೇಲೆ ಶೂಬರ್ಟ್: ತೋಳಿನ ಭಾರ ಬೇಡ

ಸರ್, ನಿಮ್ಮ ಗ್ರಾಫ್ (19ನೇ ಶತಮಾನದ ವಿಯೆನ್ನಾದ ಕಾನ್ರಾಡ್ ಗ್ರಾಫ್ ಮಾದರಿಯ ಪಿಯಾನೊ) ಮೇಲೆ ನುಡಿಸಿದ ಶೂಬರ್ಟ್‌ನ ಜಿ ಫ್ಲ್ಯಾಟ್ ಇಂಪ್ರಾಂಪ್ಟು (ಓಪಸ್ 90, ನಂ. 3) ವಿಡಿಯೊ ನೋಡಿದೆ. "ಮೇಲಿನ ರಾಗ ಹಾಡ್ತಿಲ್ಲ, ನಾದ ತಿದ್ದಲು ತಂತಿಗೆ ಬಡಿಯುವ ಹ್ಯಾಮರ್‌ಗೆ ಸೂಜಿ ಹಾಕಿಸಲಾ?" ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಅದು ಫೆಲ್ಟ್ ಅಲ್ಲ, ಚರ್ಮ; ಸೂಜಿ ಚುಚ್ಚಿದರೆ ಹರಿಯಬಹುದು. ದೋಷ ಕೈಯದು.

ಈಗಿನ ಗ್ರ್ಯಾಂಡ್‌ನಲ್ಲಿ ಕೀ ಸುಮಾರು 10 ಮಿ.ಮೀ. ಇಳಿಯುತ್ತೆ. ಗ್ರಾಫ್‌ನ ವಿಯೆನ್ನಾ ಆ್ಯಕ್ಷನ್‌ನಲ್ಲಿ (ಕೀಯಿಂದ ಹ್ಯಾಮರ್ ಚಲಿಸುವ ಯಂತ್ರಜೋಡಣೆ) ಅಷ್ಟು ಆಳವೇ ಇಲ್ಲ. ತೋಳಿನ ಭಾರ ಬಿಟ್ಟರೆ ಕೀ ತಳಕ್ಕೆ ಬಡಿದ ಸದ್ದೇ ಮುಂದಾಗುತ್ತೆ, ಸ್ವರ ಒಡೆಯುತ್ತೆ. ಮಣಿಕಟ್ಟು ಸಡಿಲ ಬಿಟ್ಟು ಬೆರಳಿನ ಬುಡದ ಗೆಣ್ಣಿನಿಂದಷ್ಟೇ ನುಡಿಸಿ. ಕಿರುಬೆರಳನ್ನು ಜೋರು ಮಾಡಬೇಡಿ, ನಡುವಿನ ಆರಾರು ಸ್ವರಗಳನ್ನು ತಗ್ಗಿಸಿ. ಮೊದಲು ರಾಗ ಮತ್ತು ಬಾಸ್ ಮಾತ್ರ ನುಡಿಸಿ. ಆಮೇಲೆ ನಡುವಿನದನ್ನು ಸೇರಿಸಿ, ಕೀ ನುಡಿಯುತ್ತೋ ಇಲ್ಲವೋ ಅನ್ನುವಷ್ಟು ಹಗುರವಾಗಿ. ಒಂದೆರಡು ಸ್ವರ ತಪ್ಪಿದರೂ ಸರಿ, ಬಲ ಹಾಕಬೇಡಿ.

ಲಯವೂ ನಿಧಾನವಾಯ್ತು. ಈ ವಾದ್ಯದಲ್ಲಿ ಸ್ವರ ಬೇಗ ಕರಗುತ್ತೆ. ಮುಂದಿನ ಸ್ವರ ಬರುವಾಗ ಹಿಂದಿನದು ಇನ್ನೂ ಕೇಳುತ್ತಿರಬೇಕು, ಅದೇ ನಿಮ್ಮ ವೇಗದ ಅಳತೆ. ಶೂಬರ್ಟ್ ತಾಳದ ಗುರುತಾಗಿ ಅಡ್ಡಗೀಟಿನ ಸಿ ಎರಡು ಸಲ ಬರೆದಿದ್ದಾನೆ, ಉದ್ದನೆಯ ಬಾರ್ (ತಾಳದ ಒಂದು ಆವರ್ತ) ಬೇಕೆಂದೇ. ನಿಮ್ಮ ಸ್ವರಲಿಪಿ ಜಿ ಮೇಜರ್‌ನಲ್ಲಿದ್ದರೆ ಬಿಸಾಡಿ. 1857ರ ಪ್ರಕಾಶಕರು ಶ್ರುತಿ ಬದಲಿಸಿ ಬಾರ್‌ಗಳನ್ನೂ ತುಂಡರಿಸಿದ್ದು ಅದು.

ಮಾಡರೇಟರ್ (ಹ್ಯಾಮರ್ ಮತ್ತು ತಂತಿಯ ನಡುವೆ ಬಟ್ಟೆ ತರುವ ಪೆಡಲ್) ಮೊದಲಿನಿಂದ ಕೊನೆವರೆಗೂ ಯಾಕೆ? ಬಟ್ಟೆ ಅಡ್ಡ ಬಂದರೆ ಸ್ವರದ ಮೊನೆಯೇ ಹೋಗುತ್ತೆ, ರಾಗ ಎದ್ದು ಕೇಳೋದು ಆ ಮೊನೆಯಿಂದಲೇ. ಪಿಪಿಗೆ (ತುಂಬ ಮೆಲ್ಲಗೆ) ಉನಾ ಕಾರ್ಡಾ ಪೆಡಲ್ (ಹ್ಯಾಮರ್ ಕಡಿಮೆ ತಂತಿಗಳಿಗೆ ಬಡಿಯುವಂತೆ ಮಾಡುವುದು) ಸಾಕು. ಮಾಡರೇಟರ್ ಅನ್ನು ಅದಕ್ಕೂ ಮೆಲ್ಲಗಿನ ಪಿಪಿಪಿಗೆ ಇಟ್ಟುಕೊಳ್ಳಿ.

ಚೆಲ್ಲೊ ಜೊತೆ ಹೊಂದಲೆಂದು ಎ ಸ್ವರದ ಶ್ರುತಿಯನ್ನು 440 ಹರ್ಟ್ಸ್‌ಗೆ ಏರಿಸಿದ್ದು ಮಾತ್ರ ಖಂಡಿತ ತಪ್ಪು. 430ಕ್ಕೆ ಮಾಡಿದ ವಾದ್ಯವಾದರೆ ತಂತಿಯ ಸೆಳೆತ ಸುಮಾರು ಶೇ. 4.7 ಹೆಚ್ಚುತ್ತೆ, ಅದೂ ಪ್ರತಿ ತಂತಿಗೆ. ಕಬ್ಬಿಣದ ಫ್ರೇಮ್ ಇಲ್ಲ, ಹೊರೋದು ಮರ. ಚೆಲ್ಲೊದವರು 430ಕ್ಕೆ ಇಳಿಯಲಿ. ನೀವೂ ಒಂದೇ ದಿನದಲ್ಲಿ ಇಳಿಸಬೇಡಿ, ಮಾಡಿದವರನ್ನು ಕೇಳಿ ಹಂತಹಂತವಾಗಿ.

ಮುಂದೆ ಶೋಪಾನ್ ಅಂದಿರಿ. ಗ್ರಾಫ್ ಮೇಲೂ ಚೆನ್ನ, ಆದರೆ ಅವನ ಉದ್ದನೆಯ ಪೆಡಲ್ ಗುರುತುಗಳು ಪ್ಲೆಯೆಲ್‌ನಲ್ಲಿ (ಪ್ಯಾರಿಸ್‌ನ ಆ ಕಾಲದ ಪಿಯಾನೊ) ಬೇರೆಯೇ ಕೇಳುತ್ತವೆ. ಅಲ್ಲಿ ಡ್ಯಾಂಪರ್ (ತಂತಿಯ ನಾದ ನಿಲ್ಲಿಸುವ ಮೆತ್ತೆ) ಬಿದ್ದ ಮೇಲೂ ಸ್ವಲ್ಪ ನಾದ ಉಳಿಯುತ್ತೆ. ವಿಯೆನ್ನಾ ಡ್ಯಾಂಪರ್ ಚಕ್ಕನೆ ಕತ್ತರಿಸುತ್ತೆ, ಹಾಗಾಗಿ ಪಾದ ನಿಧಾನವಾಗಿ ಎತ್ತಿ. ವಾದ್ಯ ಸಿಗದವರು ಪಿಯಾನೊಟೆಕ್ ಎಂಬ ಪಿಯಾನೊ ಸಾಫ್ಟ್‌ವೇರ್‌ನಲ್ಲಿ ಗ್ರಾಫ್, ಪ್ಲೆಯೆಲ್ ಎರಡನ್ನೂ ಹಾಕಿ ಹೋಲಿಸಿ ನೋಡಿ. ಕೀಬೋರ್ಡ್‌ನ ವೆಲಾಸಿಟಿ ಕರ್ವ್ (ಒತ್ತಿದ ಬಲಕ್ಕೆ ಎಷ್ಟು ಸದ್ದು ಬರಬೇಕೆಂಬ ಸೆಟ್ಟಿಂಗ್) ಮೊದಲು ಹಗುರ ಮಾಡಿಕೊಳ್ಳಿ.