ಓದುಗರ ಪ್ರಶ್ನೆ: ಹಳ್ಳದ ಪಕ್ಕ ದಾರಿ ಮಾಡ್ಬೇಕು, ಎಲ್ಲಿ ಹೇಗೆ?

ಪ್ರಶ್ನೆ: ಹಳ್ಳದ ಉದ್ದಕ್ಕೂ ವಾಕಿಂಗ್ ದಾರಿ ಮಾಡೋ ಪ್ಲಾನ್ ಇದೆ ಸರ್. ನೀರಿನ ಪಕ್ಕದಲ್ಲೇ ಇದ್ರೆ ಚಂದ ಅಂತ ಎಲ್ರೂ ಹೇಳ್ತಿದಾರೆ. ಎಷ್ಟು ಜಾಗ ಬಿಡ್ಬೇಕು?

ಉತ್ತರ: ನೀರಿನ ಪಕ್ಕ ನಡೆಯೋದು ಯಾರಿಗೆ ಬೇಡ ಹೇಳಿ, ಆದ್ರೆ ಇಡೀ ದಾರೀನ ದಂಡೆಗೇ ಅಂಟಿಸಿದ್ರೆ ನಾಲ್ಕು ಜೋರು ಮಳೆ ಬಂದ್ಮೇಲೆ ದಾರೀನೂ ಇರಲ್ಲ ದಂಡೇನೂ ಇರಲ್ಲ. ಜನ ತುಳಿದೂ ತುಳಿದೂ ಮಣ್ಣು ಗಟ್ಟಿಯಾಗತ್ತೆ, ನೀರು ಇಂಗಲ್ಲ, ಆ ನೀರು ದಾರಿಯನ್ನೇ ಕಾಲುವೆ ಮಾಡ್ಕೊಂಡು ಹರಿಯತ್ತೆ, ಮರದ ಬೇರು ಹೊರಗೆ ಕಾಣೋಕೆ ಶುರುವಾಗತ್ತೆ, ಆಮೇಲೆ ದಂಡೆ ಚೂರುಚೂರಾಗಿ ಕುಸಿಯತ್ತೆ. ಹರಿದು ಬರೋ ಹೂಳನ್ನ ತಡೆಯೋಕೇ ದಾರಿಗೂ ನೀರಿಗೂ ಮಧ್ಯೆ 10-15 ಮೀಟರ್ ಅಗಲ ಗಿಡಗಂಟಿ ಬೇಕು, ಹಕ್ಕಿ ಪ್ರಾಣಿಗಳೂ ಉಳೀಬೇಕು ಅಂದ್ರೆ 30 ಮೀಟರೂ ಕಮ್ಮಿನೇ. ನೆರಳಿನ ವಿಷಯ ಯಾರೂ ಯೋಚ್ನೆ ಮಾಡಲ್ಲ ನೋಡಿ, ನೆರಳು ಹೋದ್ರೆ ನೀರು ಬಿಸಿಯಾಗತ್ತೆ, 20 ಡಿಗ್ರಿ ನೀರಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಕರಗಿರಬಹುದು, 30 ಡಿಗ್ರಿಗೆ ಏರಿದ್ರೆ ಏಳೂವರೆಗೆ ಇಳಿಯತ್ತೆ. ದಂಡೆ ಮರ ಕಡಿದ್ರೆ ಮೀನಿಗೆ ಉಸಿರು ಕಟ್ಟತ್ತೆ ಅಂತ ಹೇಳೋದು ಇದಕ್ಕೇ.

ಹಾಗಾಗಿ ಮುಖ್ಯ ದಾರಿ ನೀರಿಂದ ದೂರ, ಎತ್ತರದ ಜಾಗದಲ್ಲಿ, ಒಂದೇ ದಡದಲ್ಲಿ ಇರ್ಲಿ. ಆಚೆ ದಡ ಪ್ರಾಣಿಗಳಿಗೆ ಬಿಟ್ಬಿಡಿ. ನೀರಿನ ಹತ್ರ ಹೋಗೋಕೆ ಎರಡು ಮೂರು ಕಡೆ ಮಾತ್ರ ಕವಲುದಾರಿ ಕೊಡಿ, ಕೊಡ್ಲೇಬೇಕು, ಇಲ್ಲಾಂದ್ರೆ ಮಕ್ಕಳು, ನಾಯಿ ಕರ್ಕೊಂಡು ಬರೋರು ಹತ್ತು ಕಡೆ ತಾವೇ ದಾರಿ ಮಾಡ್ಕೋತಾರೆ. ಅದೂ ಬಂಡೆ ಇರೋ ಕಡೆ, ಅಥವಾ ತಿರುವಿನ ಒಳಮಗ್ಗುಲಲ್ಲಿ, ಅಲ್ಲಿ ಮರಳು ಕೂರತ್ತೆ. ಹೊರಮಗ್ಗುಲನ್ನ ನೀರು ಕೊರೀತಾನೇ ಇರತ್ತೆ, ವ್ಯೂ ಅಲ್ಲೇ ಚೆನ್ನಾಗಿರೋದು ನಿಜ, ಆದ್ರೂ ಬೇಡ.

ಪ್ರಶ್ನೆ: ಕಾಂಕ್ರೀಟ್ ಹಾಕೋದಾ, ಮಣ್ಣಿನ ದಾರಿ ಸಾಕಾ?

ಉತ್ತರ: ವ್ಹೀಲ್‌ಚೇರ್ ಹೋಗ್ಬೇಕಾದ ಭಾಗಕ್ಕೆ ಗಟ್ಟಿ ನೆಲ, ಏರು 20ಕ್ಕೆ 1ರ ಒಳಗೆ. ಉಳಿದಿದ್ದು ಮಣ್ಣೇ ಸಾಕು, ಆದ್ರೆ ದಾರಿಯ ಏರು ಆ ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಜಾಸ್ತಿ ಆಗಬಾರದು, ಸರಾಸರಿ ನೂರಕ್ಕೆ ಹತ್ತರೊಳಗೆ ಇರ್ಲಿ. ದಾರಿ ಹೊರಗಡೆ, ಅಂದ್ರೆ ಇಳಿಜಾರಿನ ಕಡೆ, ಸ್ವಲ್ಪ ವಾಲಿರ್ಬೇಕು, ಮೀಟರಿಗೆ 3ರಿಂದ 5 ಸೆಂಟಿಮೀಟರ್, ಆಗ ನೀರು ಅಡ್ಡ ದಾಟಿ ಹೋಗತ್ತೆ. ಜೌಗು ಇದ್ರೆ ಮಣ್ಣು ತುಂಬಬೇಡಿ, ಮರದ ಅಟ್ಟಣೆ ಹಾಕಿ.

ಪ್ರಶ್ನೆ: ದಂಡೆ ತುಂಬಾ ಪೊದೆ, ಹಾವಿನ ಭಯ. ಎಲ್ಲಾ ಕ್ಲೀನ್ ಮಾಡಿ ಲಾನ್ ಹಾಕಿ, ಪಕ್ಕಕ್ಕೆ ಕಾಂಕ್ರೀಟ್ ಗೋಡೆ ಕಟ್ಟಿದ್ರೆ ಹೇಗೆ?

ಉತ್ತರ: ಅಯ್ಯೋ ಬೇಡ. ಲಾನ್ ಬೇರು ಮೇಲ್ಮೇಲೆ ಇರತ್ತೆ, ದಂಡೆ ಹಿಡಿಯಲ್ಲ. ದಾರಿಯ ಎರಡೂ ಬದಿ ಒಂದೊಂದು ಮೀಟರ್ ಹುಲ್ಲು ಕತ್ತರಿಸಿ, ಹಾವು ಇದ್ರೆ ಕಾಣ್ಸತ್ತೆ, ಅಷ್ಟು ಸಾಕು. ಕಳೆ ಕೀಳೋದಾದ್ರೆ ಹೊರಗಿಂದ ಬಂದು ಹಬ್ಬಿರೋದನ್ನ ಮಾತ್ರ ಕಿತ್ತು, ಖಾಲಿಯಾದ ಜಾಗದಲ್ಲಿ ತಕ್ಷಣ ಸ್ಥಳೀಯ ಗಿಡ ನೆಡಿ. ಗೋಡೆ ವಿಷಯಕ್ಕೆ ಸಿಂಗಾಪುರ ನೋಡಿ, ಅಲ್ಲಿ ಬಿಶಾನ್ ಪಾರ್ಕಲ್ಲಿ 2.7 ಕಿಲೋಮೀಟರ್ ನೆಟ್ಟಗಿದ್ದ ಕಾಂಕ್ರೀಟ್ ಕಾಲುವೆ ಒಡೆದು 3.2 ಕಿಲೋಮೀಟರ್ ಬಳಸಿ ಹರಿಯೋ ಹೊಳೆ ಮಾಡಿದ್ರು, 2012ರಲ್ಲಿ ಜನಕ್ಕೆ ತೆರೆದ್ರು. ಮಳೆ ಜೋರಾದ್ರೆ ನೀರು ಪಾರ್ಕೊಳಗೆ ಹರಡಿ ಆಮೇಲೆ ಇಳಿಯತ್ತೆ. ಅವ್ರು ಒಡೆದಿದ್ದನ್ನ ನೀವು ದುಡ್ಡು ಕೊಟ್ಟು ಕಟ್ಟೋದ್ಯಾಕೆ!

ಪ್ರಶ್ನೆ: ರಾತ್ರಿ ಲೈಟ್?

ಉತ್ತರ: ದಾರಿ ಶುರುವಾಗೋ ಬಾಗಿಲ ಹತ್ರ ಮಾತ್ರ. ಕೆಳಮುಖವಾಗಿ, ಹಳದಿ ಬೆಳಕು, ಸೆನ್ಸರ್ ಇದ್ರೆ ಒಳ್ಳೇದು. ಹಳ್ಳದ ಮೇಲೆ ಬೀಳಬಾರದು.